ಪದ ಪರಿಚಯ: ಅಸ್ಥಿತಿಸ್ಥಾಪಕ ಡಿಕ್ಕಿ

ಎರಡು ವಸ್ತುಗಳು ಡಿಕ್ಕಿ ಹೊಡೆದಾಗ ಅವುಗಳ ಒಟ್ಟು ಸಂವೇಗ ಹಾಗೆಯೇ ಉಳಿದು, ಒಟ್ಟು ಚಲನಶಕ್ತಿ ಕಡಿಮೆಯಾದರೆ ಅದು ಅಸ್ಥಿತಿಸ್ಥಾಪಕ ಡಿಕ್ಕಿ. ಸಂವೇಗವೆಂದರೆ ದ್ರವ್ಯರಾಶಿ ಮತ್ತು ವೇಗಗಳ ಗುಣಲಬ್ಧ; ವೇಗಕ್ಕಿರುವಂತೆ ಅದಕ್ಕೂ ದಿಕ್ಕಿದೆ. ಚಲನಶಕ್ತಿಯೆಂದರೆ ಚಲನೆಯಿಂದಾಗಿ ವಸ್ತುವಿಗಿರುವ ಶಕ್ತಿ; ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ಅರ್ಧ ಮಾಡಿದರೆ ಅದು ಸಿಗುತ್ತದೆ. ಡಿಕ್ಕಿಯ ನಂತರ ಎರಡೂ ಕೂಡಿಕೊಂಡು ಒಂದೇ ವೇಗದಲ್ಲಿ ಸಾಗಿದರೆ ಅದನ್ನು ಪೂರ್ಣ ಅಸ್ಥಿತಿಸ್ಥಾಪಕ ಎನ್ನುತ್ತಾರೆ. ಕೂಡಿಕೊಂಡರೆ ಮಾತ್ರ ಶಕ್ತಿ ನಷ್ಟವಾಗುತ್ತದೆ ಎಂದು ತಿಳಿಯಬಾರದು. ಕೇರಂ ಆಡುವಾಗ ಸ್ಟ್ರೈಕರ್ ಕಾಯಿಗೆ ಬಡಿದು ಎರಡೂ ಬೇರೆ ಬೇರೆ ದಿಕ್ಕಿಗೆ ಜಾರಿದರೂ, ಆಗ ಕೇಳಿಸುವ ಟಕ್ ಸದ್ದಿಗೆ ಬೇಕಾದ ಶಕ್ತಿ ಸ್ಟ್ರೈಕರಿನ ಚಲನೆಯಿಂದಲೇ ಬಂದಿರುತ್ತದೆ.

ಮುಂಬಯಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತು ಹನ್ನೊಂದನೇ ತರಗತಿಯ ಭೌತಶಾಸ್ತ್ರಕ್ಕೆ ಹೋಗುವವರಿಗೆ ಈ ಅಧ್ಯಾಯದಲ್ಲಿ ಸೂತ್ರಗಳು ಅಷ್ಟೇನೂ ತೊಡಕಲ್ಲ. ಯಾವ ನಿಯಮವನ್ನು ಯಾವ ಗಳಿಗೆಗೆ ಅನ್ವಯಿಸಬೇಕು ಎಂಬುದೇ ತೊಡಕು. ಡಿಕ್ಕಿಯ ಕ್ಷಣದಲ್ಲಿ ಮೊದಲನೆಯ ವಸ್ತು ಎರಡನೆಯದರ ಮೇಲೆ ಹಾಕುವಷ್ಟೇ ಬಲವನ್ನು ಎರಡನೆಯದು ಮೊದಲನೆಯದರ ಮೇಲೆ ವಿರುದ್ಧ ದಿಕ್ಕಿನಲ್ಲಿ, ಅಷ್ಟೇ ಹೊತ್ತು ಹಾಕುತ್ತದೆ. ಆದ್ದರಿಂದ ಒಂದು ಕಳೆದುಕೊಂಡ ಸಂವೇಗವನ್ನು ಇನ್ನೊಂದು ಪಡೆಯುತ್ತದೆ. ಆ ಅತ್ಯಲ್ಪ ಅವಧಿಯಲ್ಲಿ ಘರ್ಷಣೆಯಂಥ ಹೊರಗಿನ ಬಲಗಳ ಪರಿಣಾಮ ನಗಣ್ಯ. ಚಲನಶಕ್ತಿಗೆ ಇಂಥ ಭರವಸೆ ಇಲ್ಲ, ಏಕೆಂದರೆ ಅದು ಶಾಖವಾಗಿ, ಸದ್ದಾಗಿ, ಲೋಹದ ಬಾಗುವಿಕೆಯಾಗಿ ರೂಪ ಬದಲಿಸಬಲ್ಲದು.

ಮುಂಬಯಿ ಬಳಿಯ ಕಲ್ಯಾಣದ ಗೂಡ್ಸ್ ಯಾರ್ಡಿನಂಥ ಕಡೆ ನಡೆಯುವ ಶಂಟಿಂಗ್, ಅಂದರೆ ರೈಲು ವ್ಯಾಗನುಗಳನ್ನು ಸರಿಸಿ ಜೋಡಿಸುವ ಕೆಲಸ, ಇದಕ್ಕೆ ಒಳ್ಳೆಯ ಉದಾಹರಣೆ. ಉರುಳಿ ಬಂದ ವ್ಯಾಗನ್ ನಿಂತ ವ್ಯಾಗನಿಗೆ ತಾಗಿದೊಡನೆ ಅವನ್ನು ಜೋಡಿಸುವ ಕಪ್ಲರಿನ ಕೊಕ್ಕೆ ಮುಚ್ಚಿಕೊಂಡು, ಒಳಗಿನ ಲಾಕ್ ತನ್ನ ಭಾರಕ್ಕೆ ತಾನೇ ಕೆಳಗೆ ಬೀಳುತ್ತದೆ. ಆಮೇಲೆ ಎರಡಕ್ಕೂ ಒಂದೇ ವೇಗ. ಸುಲಭಕ್ಕೆಂದು, 80 ಟನ್ನಿನ ತುಂಬಿದ ವ್ಯಾಗನ್ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಬಂದು, ನಿಂತಿರುವ 20 ಟನ್ನಿನ ಖಾಲಿ ವ್ಯಾಗನಿಗೆ ತಗುಲಿತೆಂದು ಭಾವಿಸೋಣ. (ನಿಜವಾದ ಯಾರ್ಡಿನಲ್ಲಿ ಸಾಮಾನ್ಯವಾಗಿ ಇನ್ನೂ ಮೆಲ್ಲಗೆ ತಾಗಿಸುತ್ತಾರೆ.) 80ನ್ನು 2ರಿಂದ ಗುಣಿಸಿ 100ರಿಂದ ಭಾಗಿಸಿದರೆ ಕೂಡಿದ ವೇಗ 1.6 ಮೀಟರ್. ಚಲನಶಕ್ತಿ 1,60,000 ಜೂಲ್‌ಗಳಿಂದ 1,28,000ಕ್ಕೆ ಇಳಿಯುತ್ತದೆ. ನಷ್ಟ 32,000 ಜೂಲ್.

ಈಗ ಅದಲುಬದಲು ಮಾಡಿ: ಖಾಲಿ ವ್ಯಾಗನ್ ಅದೇ ವೇಗದಲ್ಲಿ ಬಂದು ನಿಂತಿರುವ ತುಂಬಿದ ವ್ಯಾಗನಿಗೆ ತಾಗಲಿ. ಕೂಡಿದ ವೇಗ ಕೇವಲ 0.4 ಮೀಟರ್, ಶಕ್ತಿ 40,000 ಜೂಲ್‌ಗಳಿಂದ 8,000ಕ್ಕೆ ಇಳಿಯುತ್ತದೆ. ನಷ್ಟ ಮತ್ತೆ 32,000 ಜೂಲ್! ಮೊದಲ ಸಲ ಹೋದದ್ದು ಶೇಕಡಾ 20, ಈ ಸಲ ಶೇಕಡಾ 80, ಆದರೆ ಮೊತ್ತ ಒಂದೇ. ಕಾರಣವಿಷ್ಟೆ: ಪೂರ್ಣ ಅಸ್ಥಿತಿಸ್ಥಾಪಕ ಡಿಕ್ಕಿಯ ನಷ್ಟವನ್ನು ನಿರ್ಧರಿಸುವುದು ಎರಡು ದ್ರವ್ಯರಾಶಿಗಳು ಮತ್ತು ಒಂದು ಇನ್ನೊಂದನ್ನು ಸಮೀಪಿಸುವ ವೇಗ ಮಾತ್ರ, ಯಾವುದು ನಿಂತಿತ್ತು, ಯಾವುದು ಬಂತು ಎಂಬುದಲ್ಲ. ದ್ರವ್ಯರಾಶಿಗಳ ಗುಣಲಬ್ಧವನ್ನು ಅವುಗಳ ಮೊತ್ತದಿಂದ ಭಾಗಿಸಿ, ಬಂದದ್ದನ್ನು ಸಮೀಪಿಸುವ ವೇಗದ ವರ್ಗದಿಂದ ಗುಣಿಸಿ ಅರ್ಧ ಮಾಡಿದರೆ ನಷ್ಟ ನೇರವಾಗಿ ಸಿಗುತ್ತದೆ. ಪಠ್ಯಗಳು ಇದನ್ನು ಒಂದು ಸಾಲಿನ ಸೂತ್ರವಾಗಿಸಿ ಮುಂದೆ ಸಾಗುವುದು ನನಗೆ ಸರಿಯೆನಿಸುವುದಿಲ್ಲ. ಈ ಅಧ್ಯಾಯದಲ್ಲಿ ನಿಂತು ನೋಡಬೇಕಾದ ಜಾಗವೇ ಇದು.

ಎದುರುಬದುರು ಬರುವ ವಸ್ತುಗಳಿದ್ದಾಗ ಒಂದು ದಿಕ್ಕನ್ನು ಧನ, ಇನ್ನೊಂದನ್ನು ಋಣ ಎಂದು ಮೊದಲೇ ಬರೆದುಕೊಳ್ಳಬೇಕು. ತುಂಬಿದ ವ್ಯಾಗನ್ 1 ಮೀಟರ್, ಖಾಲಿ ವ್ಯಾಗನ್ ಎದುರಿನಿಂದ 4 ಮೀಟರ್ ವೇಗದಲ್ಲಿ ಬಂದರೆ ಒಟ್ಟು ಸಂವೇಗ ಸೊನ್ನೆ. ಎರಡೂ ಅಲ್ಲೇ ನಿಂತು, 2,00,000 ಜೂಲ್ ಚಲನಶಕ್ತಿ ಪೂರ್ತಿ ಮಾಯವಾಗುತ್ತದೆ.

ಡಿಕ್ಕಿಯ ನಿಯಮಗಳ ಬಗ್ಗೆ ಲಂಡನ್ನಿನ ವಿಜ್ಞಾನ ಸಂಸ್ಥೆ ರಾಯಲ್ ಸೊಸೈಟಿ 1668ರಲ್ಲಿ ವಿದ್ವಾಂಸರನ್ನು ಕೇಳಿದಾಗ ರೆನ್ ಮತ್ತು ಹೈಗೆನ್ಸ್ ಪುಟಿಯುವ ವಸ್ತುಗಳ ಬಗ್ಗೆ ಬರೆದರು, ವಾಲಿಸ್ ಪುಟಿಯದವುಗಳ ಬಗ್ಗೆ. ಮುಂದೆ 1742ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್ ಗುಂಡಿನ ವೇಗ ಅಳೆಯಲು ತೂಗುಬಿಟ್ಟ ದಿಮ್ಮಿಯನ್ನು ಬಳಸಿದ ವಿವರ ಪ್ರಕಟಿಸಿದನು. ಇಂದಿಗೂ ಪರೀಕ್ಷೆಯಲ್ಲಿ ಅದೇ ಲೆಕ್ಕ ಬರುತ್ತದೆ: 10 ಗ್ರಾಂ ಗುಂಡು ಸೆಕೆಂಡಿಗೆ 300 ಮೀಟರ್ ವೇಗದಲ್ಲಿ 990 ಗ್ರಾಂ ದಿಮ್ಮಿಯೊಳಗೆ ಹೊಕ್ಕು ನಿಂತರೆ, ದಿಮ್ಮಿ ಎಷ್ಟು ಎತ್ತರಕ್ಕೆ ಏರುತ್ತದೆ? ಗುಂಡು ಹೊಗುವವರೆಗೆ ಸಂವೇಗದ ಸಂರಕ್ಷಣೆ; ಕೂಡಿದ ವೇಗ 3 ಮೀಟರ್. ಅಲ್ಲಿಂದ ಮೇಲೇರುವಾಗ ಶಕ್ತಿಯ ಸಂರಕ್ಷಣೆ. ಎತ್ತರ ಸುಮಾರು 46 ಸೆಂಟಿಮೀಟರ್. ಮೊದಲ ಹೆಜ್ಜೆಯನ್ನು ಬಿಟ್ಟು ಗುಂಡಿನ 450 ಜೂಲನ್ನೆಲ್ಲ ಏರಿಕೆಗೇ ಲೆಕ್ಕ ಹಾಕಿದವರಿಗೆ ಬರುವ ಉತ್ತರ ಸುಮಾರು 46 ಮೀಟರ್. ಗೇಟ್‌ವೇ ಆಫ್ ಇಂಡಿಯಾ ಕೂಡ 26 ಮೀಟರ್ ಅಷ್ಟೇ ಎತ್ತರವಿದೆ.