ಓದುಗರ ಪ್ರಶ್ನೆ: ಬಿಡುವಿಲ್ಲದ ದಿನದಲ್ಲಿ ಮನಸ್ಸನ್ನು ಇದ್ದಲ್ಲೇ ಇರಿಸುವುದು ಹೇಗೆ?

ಪ್ರಶ್ನೆ: ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುತ್ತೇನೆ. ಸಂಜೆ ಮಗಳು ಶಾಲೆಯ ಸುದ್ದಿ ಹೇಳುತ್ತಿದ್ದರೆ ‘ಹೂಂ’ ಎನ್ನುತ್ತಿರುತ್ತೇನೆ, ಆದರೆ ಏನು ಹೇಳಿದಳೆಂಬುದೇ ತಲೆಗೆ ಹೋಗಿರುವುದಿಲ್ಲ. ಧ್ಯಾನಕ್ಕೆ ಕುಳಿತರೆ ಮನಸ್ಸು ಇನ್ನಷ್ಟು ಓಡುತ್ತದೆ. ಏನು ಮಾಡಲಿ?

ಉತ್ತರ: ಧ್ಯಾನಕ್ಕೆ ಕುಳಿತರೆ ಮನಸ್ಸು ಇನ್ನಷ್ಟು ಓಡುತ್ತದೆ ಎಂಬ ನಿಮ್ಮ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಬಹಳ ಜನ ಈ ಅಭ್ಯಾಸವನ್ನು ಕೈಬಿಡುವುದು ಅಲ್ಲಿಯೇ. ಮನಸ್ಸು ಓಡಿತೆಂದರೆ ಅಭ್ಯಾಸ ಕೆಟ್ಟಿತೆಂದು ಅವರು ತಿಳಿಯುತ್ತಾರೆ. ಓಡಿದ್ದು ಗೊತ್ತಾಗುವುದು, ಗೊತ್ತಾದೊಡನೆ ಅದನ್ನು ಮರಳಿ ಕರೆತರುವುದು, ಇವೆರಡೇ ಅಭ್ಯಾಸ. ಚಂಚಲವಾದ ಮನಸ್ಸು ಎಲ್ಲೆಲ್ಲಿ ಹರಿದುಹೋಗುತ್ತದೆಯೋ ಅಲ್ಲಲ್ಲಿಂದ ಅದನ್ನು ಹಿಡಿದು ತರಬೇಕೆಂದು ಭಗವದ್ಗೀತೆಯ ಆರನೆಯ ಅಧ್ಯಾಯ ಹೇಳುವಾಗಲೂ, ಅದು ಹರಿದೇ ಹರಿಯುತ್ತದೆ ಎಂಬುದನ್ನು ಒಪ್ಪಿಕೊಂಡೇ ಹೇಳುತ್ತದೆ.

ನಿಮ್ಮ ಪಕ್ಕದ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕಡೆ ಒಮ್ಮೆ ನಿಂತು ನೋಡಿ. ಬಿಸಿನೀರಿನಲ್ಲಿ ಬೆಂದ ಹಲವು ಗೂಡುಗಳಿಂದ ಎದ್ದ ಎಳೆಗಳು ಒಂದಾಗಿ, ಒಂದೇ ನೂಲಾಗಿ ರಾಟೆಗೆ ಸುತ್ತಿಕೊಳ್ಳುತ್ತಿರುತ್ತವೆ. ಅಷ್ಟರಲ್ಲಿ ಒಂದು ಗೂಡು ಮುಗಿಯುತ್ತದೆ, ಇನ್ನೊಂದರ ಎಳೆ ಕಡಿಯುತ್ತದೆ. ನೂಲು ಬಿಚ್ಚುವ ಹೆಂಗಸು ಅದಕ್ಕಾಗಿ ಬೇಸರಿಸಿ ಎದ್ದುಹೋಗುವುದಿಲ್ಲ. ಮತ್ತೊಂದು ಗೂಡಿನ ಎಳೆಯ ತುದಿಯನ್ನು ಬೆರಳಲ್ಲಿ ಹಿಡಿದು, ಓಡುತ್ತಿರುವ ನೂಲಿಗೆ ತಗುಲಿಸಿ ಮುಂದುವರಿಯುತ್ತಾಳೆ. ದಿನಕ್ಕೆ ಎಷ್ಟು ಸಲವೋ ಲೆಕ್ಕವಿಲ್ಲ. ಕಡಿದದ್ದನ್ನು ಬೇಗ ಕಾಣುವ ಆ ಕಣ್ಣನ್ನೇ ನೀವು ಬೆಳೆಸಿಕೊಳ್ಳಬೇಕಾಗಿರುವುದು.

ಇದು ನಿಮ್ಮೊಬ್ಬರ ಕೊರತೆಯೂ ಅಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2,250 ಜನರನ್ನು ಫೋನಿನ ಮೂಲಕ ದಿನದ ಬೇರೆ ಬೇರೆ ಹೊತ್ತಿನಲ್ಲಿ ವಿಚಾರಿಸಿದಾಗ, ಶೇಕಡ 46.9ರಷ್ಟು ಸಲ ಅವರ ಮನಸ್ಸು ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ಬೇರೆಲ್ಲೋ ಇತ್ತು. ಹಿತವಾದ ಯೋಚನೆಯಲ್ಲಿ ತೇಲುತ್ತಿದ್ದವರೂ ಕೆಲಸದಲ್ಲೇ ಮನಸ್ಸಿಟ್ಟವರಿಗಿಂತ ಹೆಚ್ಚು ಸಂತೋಷವಾಗಿರಲಿಲ್ಲ ಎಂಬ ಅಂಶ ನನಗೆ ಇನ್ನೂ ಮುಖ್ಯವೆನಿಸುತ್ತದೆ.

ಇದಕ್ಕೆಂದು ಬೇರೆ ಸಮಯ ಹುಡುಕಬೇಡಿ. ಹೇಗೂ ಮಾಡುವ ಒಂದು ಕೈಕೆಲಸವನ್ನು ಆರಿಸಿಕೊಳ್ಳಿ. ರೋಗಿಗಳಿಗಾಗಿ ಜಾನ್ ಕಬಾಟ್-ಜಿನ್ ಅಮೆರಿಕದಲ್ಲಿ 1979ರಲ್ಲಿ ಆರಂಭಿಸಿದ, ಮನಸ್ಸನ್ನು ಇದ್ದಲ್ಲೇ ಇರಿಸುವ ತರಬೇತಿಯಲ್ಲಿ ಒಂದೇ ಒಂದು ಒಣದ್ರಾಕ್ಷಿಯನ್ನು ಗಮನವಿಟ್ಟು ನಿಧಾನವಾಗಿ ತಿನ್ನಿಸುತ್ತಾರೆ. ನಮ್ಮ ಕಡೆ ಅದಕ್ಕೆ ರಾತ್ರಿಯ ಮುದ್ದೆಯೇ ಸಾಕು. ಎಸರು ಕುದಿಯುವ ಸದ್ದು, ರಾಗಿ ಹಿಟ್ಟು ಬಿದ್ದೊಡನೆ ಏಳುವ ವಾಸನೆ, ಗಂಟಾಗದಂತೆ ತಿರುವುವಾಗ ಕೋಲಿಗೆ ಸಿಗುವ ಬಿಗಿ, ಒದ್ದೆ ಕೈಯಲ್ಲಿ ಉಂಡೆ ಕಟ್ಟುವಾಗ ಅಂಗೈಗೆ ತಾಕುವ ಬಿಸಿ, ಇಷ್ಟನ್ನು ಗಮನಿಸಿ. ನಡುವೆ ನಾಳೆಯ ಮೀಟಿಂಗ್ ನೆನಪಾದರೆ ‘ಯೋಚನೆ ಬಂತು’ ಎಂದು ಒಳಗೇ ಗುರುತಿಸಿ, ನಿಮ್ಮನ್ನು ನೀವು ಬೈದುಕೊಳ್ಳದೆ ಕೈಯಲ್ಲಿರುವ ಕೋಲಿಗೆ ಮರಳಿ. ಹತ್ತು ನಿಮಿಷದಲ್ಲಿ ಇಪ್ಪತ್ತು ಸಲ ಮರಳಿದ್ದರೆ ಇಪ್ಪತ್ತು ಸಲ ಅಭ್ಯಾಸವಾಯಿತು ಎಂದೇ ಲೆಕ್ಕ.

ಬಸ್ಸಿನಲ್ಲಿ ಪ್ರಯಾಣ ಪೂರ್ತಿ ಪ್ರಯತ್ನಿಸಬೇಡಿ, ದಣಿಯುತ್ತೀರಿ. ನಂದಿಬೆಟ್ಟ ಕಣ್ಣಿಗೆ ಬಿದ್ದು ಮರೆಯಾಗುವಷ್ಟು ಹೊತ್ತು ಫೋನು ಚೀಲದಲ್ಲಿರಲಿ. ಉಳಿದ ದಾರಿಯಲ್ಲಿ ನಿದ್ದೆ ಬಂದರೆ ನಿದ್ದೆ ಮಾಡಿ. ಆದರೆ ಸುಮ್ಮನೆ ಕುಳಿತಾಗ ಕೆಲಸದ ಯೋಚನೆಯ ಬದಲು ಭಯ, ಎದೆಬಡಿತ ಅಥವಾ ಹಳೆಯ ಆಘಾತದ ನೆನಪು ನುಗ್ಗಿಬರುತ್ತಿದ್ದರೆ ಒಬ್ಬರೇ ಮುಂದುವರಿಯದೆ ಆಪ್ತಸಮಾಲೋಚಕರನ್ನು ಕಾಣಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿದರೂ ಸಹಾಯ ದೊರೆಯುತ್ತದೆ.

ಇನ್ನು ಮಗಳ ವಿಷಯ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ತಟ್ಟಿದ್ದು ಅದೇ. ಮನೆಗೆ ಬಂದು ಕೈಕಾಲು ತೊಳೆದ ಮೇಲೆ, ಫೋನನ್ನು ಬೇರೆ ಕೋಣೆಯಲ್ಲಿಟ್ಟು, ಐದೇ ನಿಮಿಷ ಅವಳ ಎದುರು ಕುಳಿತುಕೊಳ್ಳಿ. ಬುದ್ಧಿ ಹೇಳಬೇಡಿ, ಹೋಮ್‌ವರ್ಕ್ ವಿಚಾರಿಸಬೇಡಿ. ಮನಸ್ಸು ಎಲ್ಲೋ ಹೋಗಿಬಂದದ್ದು ಗೊತ್ತಾದಾಗ ಮುಚ್ಚಿಡದೆ, ‘ಒಂದು ಮಾತು ತಪ್ಪಿಹೋಯಿತು ಮಗಳೇ, ಇನ್ನೊಮ್ಮೆ ಹೇಳು’ ಎಂದು ಕೇಳಿ. ಅವಳು ಎಲ್ಲಿ ಬಿಟ್ಟಿದ್ದಳೋ ಅಲ್ಲಿಂದಲೇ ಮತ್ತೆ ಆರಂಭಿಸುತ್ತಾಳೆ.