ಐಸ್ ಹಾಕಬೇಕಾದದ್ದು ಮನೆಗೆ ತಲುಪಿದ ಮೇಲಲ್ಲ

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬಂಗುಡೆ ದಡದ ಸಮೀಪಕ್ಕೆ ಬರುವ ದಿನಗಳಲ್ಲಿ, ಮೀನಿನ ಗುಣಮಟ್ಟದ ಪರೀಕ್ಷೆಯನ್ನೇ ವೃತ್ತಿಯಾಗಿಸಿಕೊಂಡಿರುವ ನನಗೆ ಒಂದೇ ಮಾತು ಪದೇ ಪದೇ ಕೇಳಿಬರುತ್ತದೆ: "ಈಗಷ್ಟೇ ಹಿಡಿದ ಮೀನು ಸರ್, ಇದಕ್ಕೆ ಐಸ್ ಯಾಕೆ? ಐಸ್ ಬೇಕಾದದ್ದು ಮಾರ್ಕೆಟ್ ಮೀನಿಗೆ." ಮಲ್ಪೆಯ ಬ್ರೇಕ್‌ವಾಟರ್ ಕಲ್ಲುಗಳ ಮೇಲೆ ಗಾಳ ಹಾಕಿ ಕೂರುವ ಹುಡುಗರು ಬೆಳಿಗ್ಗೆ 6 ಗಂಟೆಗೆ ಸಿಕ್ಕ ಬಂಗುಡೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಂಡೆಯ ನೆರಳಿನಲ್ಲಿಡುತ್ತಾರೆ; ಹನ್ನೊಂದರ ಹೊತ್ತಿಗೆ ಮನೆಗೆ ಒಯ್ದು ಫ್ರಿಜ್ಜಿನಲ್ಲಿಡುತ್ತಾರೆ. ಆ ಐದು ಗಂಟೆಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಬಂಗುಡೆ, ಭೂತಾಯಿ, ಕೇದರದಂಥ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಹೇರಳವಾಗಿದೆ. ಮೀನು ಸತ್ತ ಮೇಲೆ ಅದರ ಕಿವಿರು ಮತ್ತು ಕರುಳಿನಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳು, ಬಿಸಿ ಸಿಕ್ಕರೆ, ಇದನ್ನು ಹಿಸ್ಟಮಿನ್ ಆಗಿ, ಅಂದರೆ ಹೆಚ್ಚಾದರೆ ತಿಂದವರ ಮೈ ಕೆಂಪೇರಿಸಿ ತಲೆನೋವು ತರುವ ವಸ್ತುವಾಗಿ, ಪರಿವರ್ತಿಸುತ್ತವೆ. ನಮ್ಮ ಕರಾವಳಿಯ 30 ಡಿಗ್ರಿ ಸೆಕೆ ಅವುಗಳಿಗೆ ಹೇಳಿ ಮಾಡಿಸಿದ್ದು. ಹೀಗೆ ಒಮ್ಮೆ ಹುಟ್ಟಿಕೊಂಡ ಹಿಸ್ಟಮಿನ್ ಫ್ರಿಜ್ಜಿನಲ್ಲಿಟ್ಟರೂ, ಫ್ರೀಜರಿನಲ್ಲಿ ಕಲ್ಲಾಗಿಸಿದರೂ, ಹುಳಿ ಖಾರ ಹಾಕಿ ಕುದಿಸಿದರೂ, ಕಾದ ಎಣ್ಣೆಯಲ್ಲಿ ಹುರಿದರೂ ಹೋಗುವುದಿಲ್ಲ. ಇದನ್ನು ನಾನು ಎಷ್ಟು ಬಾರಿ ಹೇಳಿದ್ದೇನೋ ಲೆಕ್ಕವಿಲ್ಲ, ಮತ್ತೆ ಹೇಳುತ್ತೇನೆ: ಅಡುಗೆಯಿಂದ ಸಾಯುವುದು ಬ್ಯಾಕ್ಟೀರಿಯಾ, ಅದು ಆಗಲೇ ಮಾಡಿಟ್ಟ ಹಿಸ್ಟಮಿನ್ ಹಾಗೆಯೇ ಉಳಿಯುತ್ತದೆ. ಕಚ್ಚಿದ ಹಾವನ್ನು ಕೊಂದ ಮಾತ್ರಕ್ಕೆ ಏರಿದ ವಿಷ ಇಳಿಯುವುದಿಲ್ಲವಲ್ಲ.

ಒಮ್ಮೆ ಅಂಥ ಹುಡುಗನೊಬ್ಬ, ಮಧ್ಯಾಹ್ನದ ಊಟವಾಗಿ ಅರ್ಧ ಗಂಟೆಯೊಳಗೆ ಮನೆಯವರೆಲ್ಲರ ಮುಖ, ಕತ್ತು ಕೆಂಪೇರಿ ತಲೆ ಸಿಡಿಯತೊಡಗಿತೆಂದು, ಫ್ರಿಜ್ಜಿನಲ್ಲಿ ಉಳಿದಿದ್ದ ಎರಡು ಹಸಿ ಬಂಗುಡೆಗಳನ್ನು ತಂದುಕೊಟ್ಟ. ಕಣ್ಣುಗಳು ಉಬ್ಬಿಕೊಂಡೇ ಇದ್ದವು, ಕಿವಿರಿನ ಕೆಂಪು ಮಾಸಿರಲಿಲ್ಲ, ಮೂಗಿನ ಬಳಿ ಹಿಡಿದರೆ ಕಡಲಿನ ವಾಸನೆಯಷ್ಟೇ. ಮಾರುಕಟ್ಟೆಯಲ್ಲಾದರೆ ನಾನೂ ಅವನ್ನು ಆರಿಸಿಕೊಳ್ಳುತ್ತಿದ್ದೆ. ಪರೀಕ್ಷೆಯಲ್ಲಿ ಮಾತ್ರ ಹಿಸ್ಟಮಿನ್ ಮಿತಿ ಮೀರಿತ್ತು. ಜೊತೆಯಲ್ಲಿ ಬಂದಿದ್ದ ಅವನ ತಾಯಿ, "ಮಗ ಹಿಡಿದು ತಂದ ಮೀನೆಂದು ಆಸೆಯಿಂದ ಮಾಡಿ ಬಡಿಸಿದೆ" ಎಂದು ಕಣ್ಣೊರೆಸಿಕೊಂಡದ್ದು ನನ್ನ ಮನಸ್ಸಿನಿಂದ ಹೋಗಿಲ್ಲ. ಅವರ ಕೈಯಡುಗೆಯಲ್ಲಿ ತಪ್ಪೇನೂ ಇರಲಿಲ್ಲ. ತಪ್ಪು ಬಂಡೆಯ ನೆರಳಿನಲ್ಲೇ ಆಗಿಹೋಗಿತ್ತು.

ಆದ್ದರಿಂದ ಗಾಳದ ಜೊತೆಗೆ ಥರ್ಮೊಕೋಲ್ ಪೆಟ್ಟಿಗೆಯೂ ಐಸೂ ಮನೆಯಿಂದಲೇ ಹೊರಡಬೇಕು. ಒಂದು ಕಿಲೋ ಮೀನನ್ನು 30 ಡಿಗ್ರಿಯಿಂದ ಸೊನ್ನೆಗೆ ಇಳಿಸಲು ಸುಮಾರು 300ರಿಂದ 350 ಗ್ರಾಂ ಐಸ್ ಸಾಕು. ಆದರೆ ಪೆಟ್ಟಿಗೆಯ ಗೋಡೆಯಿಂದಲೂ, ಮುಚ್ಚಳ ತೆರೆದಾಗಲೆಲ್ಲ ಒಳನುಗ್ಗುವ ಗಾಳಿಯಿಂದಲೂ ಬರುವ ಬಿಸಿಗೆ ಉಳಿದದ್ದು ಕರಗುವುದರಿಂದ, ಕಿಲೋ ಮೀನಿಗೆ ಕಿಲೋ ಐಸ್ ಎಂದೇ ಇಟ್ಟುಕೊಳ್ಳಿ. ದೊಡ್ಡ ಗಡ್ಡೆಯನ್ನು ಹಾಗೆಯೇ ಮೇಲೆ ಹೇರದೆ ಪುಡಿ ಮಾಡಿ, ಅಡಿಗೊಂದು ಪದರ, ಮೀನುಗಳ ನಡುವೆ, ಮೇಲೊಂದು ಪದರ ಹಾಕಬೇಕು. ಕರಗಿದ ನೀರು ಹರಿದುಹೋಗಲು ತಳದಲ್ಲಿ ತೂತಿರಲಿ. ಬಂದರಿನ ಒಳಗಿನ ನೀರಿನಲ್ಲಿ ಮೀನು ತೊಳೆಯುವುದಂತೂ ಬೇಡವೇ ಬೇಡ.

ಮರಿ ಮೀನು ಸಿಕ್ಕರೆ ಒದ್ದೆ ಕೈಯಲ್ಲಿ ಹಿಡಿದು, ಕಿವಿರಿಗೆ ಬೆರಳು ತಾಗಿಸದೆ, ಕೂಡಲೇ ನೀರಿಗೆ ಬಿಡಿ. ಒಣ ಕೈಗೆ ಅದರ ಮೈಯ ಲೋಳೆ ಅಂಟಿ ಬರುತ್ತದೆ. ಕಾಣೆಯಂಥ ಬಿಳಿ ಮಾಂಸದ ಮೀನುಗಳಲ್ಲಿ ಹಿಸ್ಟಮಿನ್ ಭಯ ಕಡಿಮೆ. ಆದರೂ ಸೆಕೆಯಲ್ಲಿ ಕೆಡುವುದು ತಪ್ಪದು, ಐಸ್ ಅದಕ್ಕೂ ಬೇಕು.

ಮೀನು ತಿಂದು ಮೈ ಕೆಂಪೇರಿದ್ದೆಲ್ಲ ಹಿಸ್ಟಮಿನ್‌ನಿಂದಲೇ ಎಂದು ನಾನು ಹೇಳಲಾರೆ. ಮೀನಿನ ಅಲರ್ಜಿ ನಿಜವಾಗಿ ಇರುವವರೂ ಇದ್ದಾರೆ. ಯಾವುದೆಂದು ನಿರ್ಧರಿಸಬೇಕಾದವರು ವೈದ್ಯರು. ಉಸಿರು ಕಟ್ಟಿದಂತಾದರೆ ಕಾಯದೆ ಆಸ್ಪತ್ರೆಗೆ ಹೋಗಿ. ವೈದ್ಯರಿಗೆ ತಿಂದದ್ದು ಯಾವ ಮೀನು ಎಂಬುದರ ಜೊತೆಗೆ, ಅದು ಎಷ್ಟು ಹೊತ್ತು ಐಸಿಲ್ಲದೆ ಇತ್ತು ಎಂಬುದನ್ನೂ ಮುಚ್ಚಿಡದೆ ತಿಳಿಸಿ, ಉಳಿದ ತುಂಡುಗಳನ್ನು ಬೆಕ್ಕಿಗೂ ಹಾಕದೆ ಫ್ರೀಜರಿನಲ್ಲಿ ತೆಗೆದಿಡಿ.