ಆಸ್ಪತ್ರೆ ಕಟ್ಟಿಸುವಾಗ ವಿಶ್ವವಿದ್ಯಾಲಯಕ್ಕೇನು ಕೆಲಸ?

ಪ್ರಶ್ನೆ: ಆಸ್ಪತ್ರೆ ಕಟ್ಟಡಕ್ಕೆ ವಾಸ್ತುಶಿಲ್ಪಿಗಳು, ಎಂಜಿನಿಯರುಗಳು, ಗುತ್ತಿಗೆದಾರರು ಇದ್ದೇ ಇರುತ್ತಾರೆ. ಹೀಗಿರುವಾಗ ವಿಶ್ವವಿದ್ಯಾಲಯವನ್ನೂ ಜೊತೆಗೆ ಸೇರಿಸಿಕೊಳ್ಳುವುದರಿಂದ ಏನು ಪ್ರಯೋಜನ? ಯಾವ ಹಂತದಲ್ಲಿ ಸೇರಿಸಿಕೊಳ್ಳಬೇಕು?

ಉತ್ತರ: ಕಟ್ಟುವ ವಿದ್ಯೆ ಉದ್ಯಮದವರಲ್ಲಿದೆ, ಅದರಲ್ಲಿ ಸಂಶಯವಿಲ್ಲ. ಆದರೆ ಕಟ್ಟಡವನ್ನು ಹಸ್ತಾಂತರಿಸಿದ ಮೇಲೆ ದಾದಿಯರ ಓಡಾಟ ತಗ್ಗಿತೇ, ಸೋಂಕು ಹರಡುವುದು ಕಡಿಮೆಯಾಯಿತೇ, ರೋಗಿಗಳಿಗೆ ರಾತ್ರಿ ನಿದ್ದೆ ಬರುತ್ತದೆಯೇ ಎಂದು ಅಳೆದು ನೋಡುವ ಬಿಡುವಾಗಲಿ ಹೊಣೆಯಾಗಲಿ ಸಾಮಾನ್ಯವಾಗಿ ಅವರಿಗಿರುವುದಿಲ್ಲ. ತಂಡ ಮುಂದಿನ ಕಾಮಗಾರಿಗೆ ಹೊರಡುತ್ತದೆ, ಹಳೆಯ ತಪ್ಪು ಹೊಸ ನಕ್ಷೆಯಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ವಿಶ್ವವಿದ್ಯಾಲಯ ಬೇಕಾಗುವುದು ಇಲ್ಲಿಯೇ.

ಇದು ಹೊಸ ವಿಚಾರವೇನಲ್ಲ. ಎರಡನೇ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ನಫೀಲ್ಡ್ ಪ್ರಾವಿನ್ಷಿಯಲ್ ಹಾಸ್ಪಿಟಲ್ಸ್ ಟ್ರಸ್ಟ್ ಮತ್ತು ಬ್ರಿಸ್ಟಲ್ ವಿಶ್ವವಿದ್ಯಾಲಯ ಸೇರಿ, ವಾಸ್ತುಶಿಲ್ಪಿ ರಿಚರ್ಡ್ ಲ್ಯುವೆಲಿನ್-ಡೇವಿಸ್ ಅವರ ಮುಂದಾಳತ್ವದಲ್ಲಿ ಒಂದು ಅಧ್ಯಯನ ತಂಡವನ್ನು ಕಟ್ಟಿದವು. ವಾರ್ಡಿನಲ್ಲಿ ಕೆಲಸ ನಿಜವಾಗಿ ಹೇಗೆ ನಡೆಯುತ್ತದೆ ಎಂಬುದನ್ನು ತಂಡ ಕಣ್ಣಾರೆ ಕಂಡು ದಾಖಲಿಸಿತು. ಅದರ ವರದಿ 1955ರಲ್ಲಿ ಪ್ರಕಟವಾಯಿತು. ನನಗೆ ಹೆಚ್ಚು ಮುಖ್ಯವೆನಿಸುವುದು, ಅವರು ಕಾಗದಕ್ಕೇ ನಿಲ್ಲದೆ ಗ್ರೀನಕ್ ಮತ್ತು ಬೆಲ್‌ಫಾಸ್ಟ್‌ಗಳಲ್ಲಿ ಪ್ರಾಯೋಗಿಕ ವಾರ್ಡುಗಳನ್ನು ಕಟ್ಟಿಸಿದ್ದು.

ಯಾವ ಹಂತದಲ್ಲಿ ಎಂಬುದಕ್ಕೆ ನನ್ನ ಉತ್ತರ ಸ್ಪಷ್ಟವಾಗಿದೆ: ನಕ್ಷೆಗೂ ಮೊದಲು, ಅಗತ್ಯಗಳ ವಿವರ ಪತ್ರ ಸಿದ್ಧವಾಗುವಾಗಲೇ. ಎಷ್ಟು ಹಾಸಿಗೆ, ಎಂತಹ ಕೋಣೆ, ಯಾವುದರ ಪಕ್ಕ ಯಾವುದು ಎಂದು ಆ ಪತ್ರದಲ್ಲಿ ತೀರ್ಮಾನವಾದ ಮೇಲೆ ಸಂಶೋಧಕರು ಬಂದರೆ ಗೋಡೆಯ ಬಣ್ಣದ ಬಗ್ಗೆ ಸಲಹೆ ಕೊಡುವುದಷ್ಟೇ ಉಳಿಯುತ್ತದೆ. ಮೊದಲೇ ಬಂದರೆ ಪ್ಲೈವುಡ್ಡು, ರಟ್ಟುಗಳಲ್ಲಿ ಒಂದು ಕೋಣೆಯನ್ನು ನಿಜ ಅಳತೆಯಲ್ಲಿ ನಿಲ್ಲಿಸಿ, ಮಂಚ ತಳ್ಳಿಕೊಂಡು ಬರುವ ದಾದಿಗೆ ಬಾಗಿಲಲ್ಲಿ ತಿರುಗಿಸಲು ಜಾಗ ಸಾಲುತ್ತದೆಯೇ, ಡ್ರಿಪ್ ಸ್ಟ್ಯಾಂಡಿನ ಚಕ್ರ ಹೊಸ್ತಿಲಿಗೆ ಸಿಕ್ಕಿಕೊಳ್ಳುತ್ತದೆಯೇ, ಶೌಚಾಲಯಕ್ಕೆ ಒಬ್ಬರೇ ನಡೆಯುವ ವೃದ್ಧರ ಕೈಗೆ ಹಿಡಿಕೆ ಎಟುಕುತ್ತದೆಯೇ ಎಂದು ಅದೇ ದಾದಿಯರಿಂದ ಮಾಡಿಸಿ ನೋಡಬಹುದು. ಕಾಂಕ್ರೀಟು ಬಿದ್ದ ಮೇಲೆ ಈ ತಿದ್ದುಪಡಿಗಳು ಬಲು ದುಬಾರಿ.

ಕಟ್ಟಡ ಬಳಕೆಗೆ ಬಂದ ಮೇಲೂ ಸಂಶೋಧಕರ ಕೆಲಸ ಮುಗಿಯುವುದಿಲ್ಲ. ಅದಕ್ಕೊಂದು ಉದಾಹರಣೆ. ಗಾಳಿಯಿಂದ ಹರಡುವ ಸೋಂಕಿನ ರೋಗಿಗಳ ಪ್ರತ್ಯೇಕ ಕೋಣೆಯಲ್ಲಿ ಗಂಟೆಗೆ ಕನಿಷ್ಠ 12 ಬಾರಿ ಗಾಳಿ ಬದಲಾಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಸ್ತಾಂತರದ ದಿನ, ಖಾಲಿ ಕೋಣೆಯಲ್ಲಿ, ಬಾಗಿಲು ಮುಚ್ಚಿ ಅಳೆದಾಗ ಲೆಕ್ಕ ಸರಿಯಾಗಿಯೇ ಇರಬಹುದು. ಆದರೆ ದಿನವಿಡೀ ಬಾಗಿಲು ತೆರೆದು ಮುಚ್ಚುವಾಗ ಒಳಗಿನ ಗಾಳಿ ಹೊರಗೆ ನುಗ್ಗುತ್ತದೆಯೋ ಎಂಬುದು ಆಸ್ಪತ್ರೆ ನಡೆಯುತ್ತಿರುವಾಗಲೇ ತಿಳಿಯಬೇಕು.

ತೊಡಕುಗಳೂ ಇವೆ. ಸಂಶೋಧನೆಗೆ ವರ್ಷಗಳು ಬೇಕು, ಕಾಮಗಾರಿ ಕಾಯುವುದಿಲ್ಲ. ಕಂಪನಿ ತನ್ನ ವಿನ್ಯಾಸದ ಗುಟ್ಟು ಬಿಡಲೊಲ್ಲದು, ವಿಶ್ವವಿದ್ಯಾಲಯಕ್ಕೆ ಪ್ರಕಟಿಸದೆ ವಿಧಿಯಿಲ್ಲ. ವಿವರ ಪತ್ರ ಬರೆಯಲು ನೆರವಾದ ಕಂಪನಿಯೇ ಟೆಂಡರು ಹಾಕಿದರೆ ಉಳಿದವರಿಗೆ ಅನ್ಯಾಯವಾಗುತ್ತದೆ. ಇವುಗಳನ್ನು ಸ್ನೇಹದ ಮಾತಿಗೆ ಬಿಡದೆ ಒಪ್ಪಂದದಲ್ಲೇ ಬರೆಯಬೇಕು: ಯಾವ ಮಾಹಿತಿ ಗೋಪ್ಯ, ಪ್ರತಿಕೂಲ ಫಲಿತಾಂಶವನ್ನೂ ಪ್ರಕಟಿಸುವ ಹಕ್ಕು ಯಾರದು, ಕಟ್ಟಡ ಬಳಕೆಗೆ ಬಂದು ವರ್ಷವಾದ ಮೇಲೆ ಸಂಶೋಧಕರು ಮತ್ತೆ ವಾರ್ಡಿಗೆ ಬಂದು ಅಳೆಯಲು ಹಣ ಎಲ್ಲಿಂದ. ಆ ಕೊನೆಯ ಬಾಬ್ತಿನ ಹಣವನ್ನು ಕಟ್ಟಿಸುವವರು ಮೊದಲ ದಿನವೇ ಬೇರೆ ತೆಗೆದಿಡಬೇಕು.